ಗ್ರೀಕ್-ಲ್ಯಾಟಿನ್ ಉನ್ನತ ವ್ಯಾಸಂಗಕ್ಕೆ ಪ್ರವೇಶ: ಅರ್ಜಿ ಮತ್ತು ಅರ್ಹತೆ

ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ‘ಕ್ಲಾಸಿಕ್ಸ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಅಧ್ಯಯನ ಶಾಖೆಯು ಪ್ರಾಚೀನ ಗ್ರೀಕರ ಹಾಗೂ ರೋಮನರ ಭಾಷೆ, ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ, ಪುರಾತತ್ತ್ವಗಳನ್ನು ಒಳಗೊಂಡುದು. ಈ ಹೆಸರಿನ ಮೂಲವೇ ವಿಚಾರಯೋಗ್ಯವಾಗಿದೆ. ರೋಮಿನಲ್ಲಿ ಪ್ರಜೆಗಳನ್ನು ಅವರವರ ಆಸ್ತಿಗೆ ಅನುಗುಣವಾಗಿ ವರ್ಗಗಳಾಗಿ ವಿಂಗಡಿಸುತ್ತಿದ್ದರು. ಮೊದಲನೆಯ ವರ್ಗಕ್ಕೆ ಸೇರಿದ ಸಿರಿವಂತನು ‘ಕ್ಲಾಸಿಕಸ್’ ಎನಿಸಿಕೊಳ್ಳುತ್ತಿದ್ದನು. ಕ್ರಿ.ಶ. ಎರಡನೆಯ ಶತಮಾನದ ಔಲಸ್ ಗೆಲಿಯಸ್ ಎಂಬ ಲೇಖಕನು ಈ ಮಾತನ್ನು ಪ್ರಮಾಣಭೂತನಾದ ಗ್ರಂಥಕರ್ತನಿಗೆ ಅನ್ವಯಿಸಿರುವುದು ಅವನ ಗ್ರಂಥದಲ್ಲಿ ಕಂಡುಬರುತ್ತದೆ. ಹೀಗೆ ಆಸ್ತಿಯನ್ನು ಸೂಚಿಸುತ್ತಿದ್ದ ಪದವೊಂದು ವಿದ್ಯೆಯನ್ನು ಸೂಚಿಸುವ ಪದವಾಯಿತು. ಆದರೆ ಹಳೆಯ ಅರ್ಥದ ನೆರಳು ಹೊಸ ಅರ್ಥವನ್ನು ಬಹುಕಾಲ ಬಿಡಲಿಲ್ಲ. ಗ್ರೀಕ್ ಮತ್ತು ಲ್ಯಾಟಿನ್ ಕಲಿಯುವುದು ಉಳ್ಳವರ ಮಕ್ಕಳ ಹಕ್ಕೆಂದೇ ಶತಮಾನಗಳ ಕಾಲ ಭಾವಿಸಲಾಗಿತ್ತು.

ಈ ಭಾವನೆಯನ್ನು ಮುರಿದವರಲ್ಲಿ ವಿಲಿಯಂ ಸ್ಯಾಂಡರ್ಸ್ ಸ್ಕಾರ್‌ಬರೋ ಅವರ ಹೆಸರು ಸ್ಮರಣೀಯವಾದುದು. ಅವರು 1852ರಲ್ಲಿ ಅಮೆರಿಕದ ಜಾರ್ಜಿಯ ಪ್ರಾಂತದಲ್ಲಿ ಗುಲಾಮಗಿರಿಯಲ್ಲಿ ಜನಿಸಿದರು. ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧವಾಗಿದ್ದ ಕಾಲದಲ್ಲಿ ಗುಟ್ಟಾಗಿ ಓದುಬರಹ ಕಲಿತರು. 1875ರಲ್ಲಿ ಓಬರ್ಲಿನ್ ಕಾಲೇಜಿನಿಂದ ಪದವಿ ಪಡೆದು, 1881ರಲ್ಲಿ ಗ್ರೀಕ್ ಭಾಷೆಯ ಪಠ್ಯಪುಸ್ತಕವೊಂದನ್ನು ಪ್ರಕಟಿಸಿ, ಮರುವರ್ಷವೇ ಅಮೆರಿಕದ ಭಾಷಾಶಾಸ್ತ್ರಜ್ಞರ ಸಂಘದ ಸದಸ್ಯರಾದರು. ಗ್ರೀಕ್ ವ್ಯಾಕರಣ ಬಲ್ಲ ಕರಿಯನೊಬ್ಬನನ್ನು ಕಂಡಾಗ ಮಾತ್ರ ಅವರನ್ನು ಮನುಷ್ಯರೆಂದು ಒಪ್ಪುವೆನೆಂದು ಕ್ಯಾಲ್ಹೂನ್ ಎಂಬ ಅಂದಿನ ರಾಜಕಾರಣಿ ಹೇಳಿದ್ದನೆಂಬ ಪ್ರತೀತಿಯುಂಟು. ಅಂಥ ಮಾತಿಗೆ ಸ್ಕಾರ್‌ಬರೋ ಅವರ ಪುಸ್ತಕವೇ ಉತ್ತರವಾಯಿತು.

ನಮ್ಮ ನಾಡಿನ ಸಾಹಿತ್ಯ ವಿದ್ಯಾರ್ಥಿಗಳಲ್ಲಿಯೂ ಈ ಶಾಖೆಯಲ್ಲಿ ಉನ್ನತ ವ್ಯಾಸಂಗ ಮಾಡಬೇಕೆಂಬ ಜಿಜ್ಞಾಸೆಯುಳ್ಳವರು ಆಗಾಗ ಕಾಣಸಿಗುತ್ತಾರೆ. ಅರ್ಜಿಯನ್ನು ತುಂಬುವ ಕ್ರಮವೇನು ಎಂಬುದು ಅವರ ಮೊದಲ ಪ್ರಶ್ನೆ. ಆದರೆ ಈ ಶಾಸ್ತ್ರದಲ್ಲಿ ಅರ್ಜಿಯೆಂಬುದು ಸ್ವತಂತ್ರವಾದ ಕಾರ್ಯವಲ್ಲ; ಅನೇಕ ವರ್ಷಗಳ ಭಾಷಾಭ್ಯಾಸಕ್ಕೆ ಅದು ಒಂದು ಸಾಕ್ಷ್ಯಪತ್ರ ಮಾತ್ರ. ಈ ಅಂಶವನ್ನು ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಷಯದ ವ್ಯಾಪ್ತಿ

ಮೊದಲು ಒಂದು ಸಂದೇಹವನ್ನು ನಿವಾರಿಸಿಕೊಳ್ಳಬೇಕು. ಕನ್ನಡಕ್ಕೆ 2008ರಲ್ಲಿ ಭಾರತ ಸರ್ಕಾರದಿಂದ ಶಾಸ್ತ್ರೀಯ ಭಾಷೆಯ ಸ್ಥಾನಮಾನ ದೊರೆಯಿತು. ಆದುದರಿಂದ ಕನ್ನಡದ ಪ್ರಾಚೀನ ಸಾಹಿತ್ಯವನ್ನು ಅಭ್ಯಸಿಸುವವರೂ ‘ಕ್ಲಾಸಿಕ್ಸ್’ ವಿಭಾಗಕ್ಕೇ ಅರ್ಜಿ ಸಲ್ಲಿಸಬಹುದೆಂದು ಕೆಲವರು ತಿಳಿಯುವುದುಂಟು. ಇದು ಸರಿಯಲ್ಲ. ಇಂಗ್ಲೆಂಡ್ ಹಾಗೂ ಅಮೆರಿಕಗಳಲ್ಲಿ ಆ ಹೆಸರಿನ ವಿಭಾಗವು ಸಾಮಾನ್ಯವಾಗಿ ಗ್ರೀಕ್ ಮತ್ತು ಲ್ಯಾಟಿನ್‌ಗಳಿಗೆ ಮೀಸಲಾದುದು. ಕನ್ನಡ, ತಮಿಳು, ಸಂಸ್ಕೃತಗಳ ವ್ಯಾಸಂಗ ನಡೆಯುವುದು ದಕ್ಷಿಣ ಏಷ್ಯಾ ಅಧ್ಯಯನ ವಿಭಾಗಗಳಲ್ಲಿ. ವಚನಗಳನ್ನು ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಅವರು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ ಮಾಡಿದ್ದು ಇಂಥ ವಿಭಾಗದಲ್ಲಿಯೇ. ಆದುದರಿಂದ ತನ್ನ ಜಿಜ್ಞಾಸೆಯ ನೆಲೆ ಯಾವುದೆಂಬುದನ್ನು ವಿದ್ಯಾರ್ಥಿಯು ಮೊದಲೇ ನಿಶ್ಚಯಿಸಿಕೊಳ್ಳಬೇಕು.

‘ಕ್ಲಾಸಿಕ್ಸ್’ ಒಳಗೂ ಕವಲುಗಳುಂಟು: ಭಾಷೆ ಮತ್ತು ಸಾಹಿತ್ಯ, ಪ್ರಾಚೀನ ಇತಿಹಾಸ, ಪ್ರಾಚೀನ ತತ್ತ್ವಶಾಸ್ತ್ರ, ಪುರಾತತ್ತ್ವ. ಪುರಾತತ್ತ್ವದ ಅಭ್ಯರ್ಥಿಯಿಂದ ಉತ್ಖನನದ ಅನುಭವವನ್ನು ನಿರೀಕ್ಷಿಸುತ್ತಾರೆ. ತತ್ತ್ವಶಾಸ್ತ್ರದವನಿಗೆ ಗ್ರೀಕ್ ಹೆಚ್ಚು ಮುಖ್ಯ. ಸಾಹಿತ್ಯದ ಕವಲಿನಲ್ಲಿ ಎರಡು ಭಾಷೆಗಳೂ ಸಮಾನವಾಗಿ ಅನಿವಾರ್ಯ. ಇಲ್ಲಿ ಪ್ರಧಾನವಾಗಿ ಸಾಹಿತ್ಯದ ಅಭ್ಯರ್ಥಿಯನ್ನು ಗಮನದಲ್ಲಿರಿಸಿಕೊಂಡು ವಿಷಯವನ್ನು ನಿರೂಪಿಸಲಾಗಿದೆ.

ಭಾಷಾಸಿದ್ಧತೆ

ಪ್ರವೇಶ ಸಮಿತಿಯು ಅಭ್ಯರ್ಥಿಯ ಕಾಗದಗಳನ್ನು ಕೈಗೆತ್ತಿಕೊಂಡಾಗ ಮೊದಲು ನೋಡುವುದು, ಈತನು ಎಷ್ಟು ವರ್ಷ ಗ್ರೀಕ್ ಓದಿದ್ದಾನೆ, ಎಷ್ಟು ವರ್ಷ ಲ್ಯಾಟಿನ್ ಓದಿದ್ದಾನೆ, ಯಾವ ಯಾವ ಗ್ರಂಥಕರ್ತರನ್ನು ಮೂಲದಲ್ಲಿ ಓದಿದ್ದಾನೆ ಎಂಬ ಸಂಗತಿಗಳನ್ನು. ಡಾಕ್ಟರೇಟ್ ವ್ಯಾಸಂಗಕ್ಕೆ ಸಾಮಾನ್ಯವಾಗಿ ಒಂದು ಭಾಷೆಯಲ್ಲಿ ನಾಲ್ಕು ವರ್ಷಗಳ, ಇನ್ನೊಂದರಲ್ಲಿ ಮೂರು ವರ್ಷಗಳ ಕಾಲೇಜು ಮಟ್ಟದ ಅಭ್ಯಾಸವಿದ್ದರೆ ಸಮರ್ಪಕವೆಂದು ಎಣಿಸುತ್ತಾರೆ. ಹೋಮರ್, ಹೆರೊಡೋಟಸ್, ಸೊಫೊಕ್ಲೀಸ್, ಪ್ಲೇಟೋ. ಸಿಸೆರೊ, ವರ್ಜಿಲ್, ಹೊರೇಸ್, ಲಿವಿ – ಇವರ ಕೃತಿಗಳ ಗಣನೀಯ ಭಾಗಗಳನ್ನು ಮೂಲದಲ್ಲಿ ಓದಿದ್ದೇನೆಂದು ಪಟ್ಟಿ ಕೊಡುವ ಸ್ಥಿತಿಯಲ್ಲಿ ಅಭ್ಯರ್ಥಿಯಿರಬೇಕು.

ಭಾಷಾಂತರಗಳ ಮೂಲಕ ಓದಿದರೆ ಸಾಲದೇ ಎಂಬ ಪ್ರಶ್ನೆ ಸಹಜವಾದುದು. ವರ್ಜಿಲನ ಮಹಾಕಾವ್ಯದ ನಾಯಕನಿಗೆ ಸಲ್ಲುವ ಮುಖ್ಯ ಗುಣದ ಹೆಸರು ‘ಪಿಯೆಟಾಸ್’. ಇದನ್ನು ‘ಭಕ್ತಿ’ ಎಂದು ಅನುವಾದಿಸಿದರೆ ದೇವರಲ್ಲಿನ ನಿಷ್ಠೆ ವ್ಯಕ್ತವಾಗುತ್ತದೆ. ಆದರೆ ತಂದೆಯಲ್ಲಿ, ಕುಲದಲ್ಲಿ, ನಾಡಿನಲ್ಲಿ ಇರುವ ಕರ್ತವ್ಯಬದ್ಧತೆಯು ಮರೆಯಾಗುತ್ತದೆ. ‘ಕರ್ತವ್ಯ’ ಎಂದರೆ ದೈವದ ಅಂಶ ಜಾರಿಹೋಗುತ್ತದೆ. ಆ ಪದವು ಕಾವ್ಯದಲ್ಲಿ ಎಲ್ಲೆಲ್ಲಿ ಬರುತ್ತದೆ, ಎಲ್ಲಿ ಬರಬೇಕಾಗಿದ್ದೂ ಬರುವುದಿಲ್ಲ ಎಂಬುದನ್ನು ಅರಿತವನು ಮಾತ್ರ ನಾಯಕನ ಸ್ವಭಾವವನ್ನು ಕುರಿತು ಪ್ರಮಾಣವಾಗಿ ಮಾತನಾಡಬಲ್ಲನು. ವಚನಗಳಲ್ಲಿ ಬರುವ ‘ಅನುಭಾವ’, ‘ಜಂಗಮ’, ‘ದಾಸೋಹ’ ಎಂಬ ಮಾತುಗಳು ಇಂಗ್ಲಿಷಿನಲ್ಲಿ ಹೇಗೆ ಸೊರಗುತ್ತವೆ ಎಂಬುದನ್ನು ಬಲ್ಲ ನಮ್ಮ ವಾಚಕರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತಡವಾಗಿ ಈ ಭಾಷೆಗಳಿಗೆ ಒಲಿದವರಿಗೂ ದಾರಿಯಿಲ್ಲದೆ ಇಲ್ಲ. ಅಮೆರಿಕದಲ್ಲಿ ಪದವಿಯ ನಂತರ ಒಂದೆರಡು ವರ್ಷ ಗ್ರೀಕ್ ಮತ್ತು ಲ್ಯಾಟಿನ್‌ಗಳನ್ನೇ ತೀವ್ರವಾಗಿ ಅಭ್ಯಸಿಸುವ ಸೇತು ವ್ಯಾಸಂಗಕ್ರಮಗಳುಂಟು. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ವ್ಯಾಸಂಗಕ್ರಮವು ಇವುಗಳಲ್ಲಿ ಹೆಸರಾದುದು. ಬೇಸಿಗೆಯ ಹತ್ತು ವಾರಗಳಲ್ಲಿ ಒಂದು ಭಾಷೆಯ ಇಡೀ ವ್ಯಾಕರಣವನ್ನು ಕಲಿಸುವ ಶಿಬಿರಗಳ ಸಂಪ್ರದಾಯವೂ ಅಲ್ಲಿದೆ. ನಮ್ಮ ದೇಶದಲ್ಲಿ ಕ್ರೈಸ್ತ ಧರ್ಮಶಾಸ್ತ್ರದ ವಿದ್ಯಾಲಯಗಳಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯನ್ನು ಕಲಿಸುತ್ತಾರೆ. ಅದು ಉತ್ತಮ ಆರಂಭವೇ ಆದರೂ, ಪ್ಲೇಟೋ ಮತ್ತು ನಾಟಕಕಾರರ ಆಟಿಕ್ ಗ್ರೀಕ್ ಹಾಗೂ ಹೋಮರನ ಭಾಷೆ ಅದಕ್ಕಿಂತ ಬಹಳ ಜಟಿಲವಾದುವೆಂಬುದನ್ನು ಮರೆಯಲಾಗದು.

ಸಂಸ್ಕೃತಜ್ಞನಿಗಿರುವ ಅನುಕೂಲ

ಸಂಸ್ಕೃತವನ್ನು ಕ್ರಮವಾಗಿ ಅಭ್ಯಸಿಸಿದವನಿಗೆ ಇಲ್ಲೊಂದು ವಿಶೇಷ ಅನುಕೂಲವಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಉಪನ್ಯಾಸದಲ್ಲಿ ಪ್ರತಿಪಾದಿಸಿದುದು ಸರ್ವವಿದಿತ. ‘ಸಪ್ತ’ ಎಂಬುದು ಲ್ಯಾಟಿನ್ನಿನಲ್ಲಿ ‘ಸೆಪ್ತೆಮ್’, ಗ್ರೀಕಿನಲ್ಲಿ ‘ಹೆಪ್ತ’. ಪದಾದಿಯ ಸಕಾರವು ಗ್ರೀಕಿನಲ್ಲಿ ಹಕಾರವಾಗುವ ಈ ನಿಯಮವು, ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದುದನ್ನು ಬಲ್ಲ ವಿದ್ಯಾರ್ಥಿಗೆ ಅಪರಿಚಿತವೆನಿಸದು. ಧ್ವನಿ ಬೇರೆಯಾದರೂ ನಿಯಮಬದ್ಧವಾದ ವ್ಯತ್ಯಾಸವೆಂಬ ತತ್ತ್ವವು ಒಂದೇ.

ವ್ಯಾಕರಣದಲ್ಲಿಯೂ ಹೀಗೆಯೇ. ಸಂಸ್ಕೃತದ ಆತ್ಮನೇಪದಕ್ಕೆ ಸಂವಾದಿಯಾದ ಪ್ರಯೋಗವು ಗ್ರೀಕಿನಲ್ಲಿದೆ. ವಿಧಿಲಿಙ್‌ಗೆ, ಲುಙ್‌ಗೆ, ದ್ವಿವಚನಕ್ಕೆ ಅಲ್ಲಿ ಸಮಾನ ರೂಪಗಳುಂಟು. ಇಂಗ್ಲಿಷ್ ಮಾತೃಭಾಷೆಯಾದ ವಿದ್ಯಾರ್ಥಿಯು ವಿಭಕ್ತಿಯೆಂದರೇನೆಂಬುದನ್ನೇ ಹೊಸದಾಗಿ ಕಲಿಯಬೇಕಾದಲ್ಲಿ, ಎಂಟು ವಿಭಕ್ತಿಗಳನ್ನು ಕಂಠಸ್ಥ ಮಾಡಿದವನಿಗೆ ಗ್ರೀಕಿನ ಐದು, ಲ್ಯಾಟಿನ್ನಿನ ಆರು ವಿಭಕ್ತಿಗಳು ಭಯವನ್ನುಂಟುಮಾಡುವುದಿಲ್ಲ. ಈ ಅನುಕೂಲವನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಹೇಳಿಕೊಳ್ಳಬೇಕು. ಆದರೆ ಸಂಸ್ಕೃತವು ಗ್ರೀಕಿಗೆ ಪರ್ಯಾಯವಾಗಲಾರದೆಂಬ ಎಚ್ಚರವೂ ಇರಬೇಕು.

ಅರ್ಜಿಯ ಅಂಗಗಳು

ಅರ್ಜಿಯೊಡನೆ ಸಲ್ಲಿಸಬೇಕಾದ ಸಾಮಗ್ರಿಗಳು ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ ಬಗೆಯವು: ಅಂಕಪಟ್ಟಿಗಳು, ಉದ್ದೇಶಪತ್ರ, ಪ್ರಬಂಧದ ಮಾದರಿ, ಮೂರು ಶಿಫಾರಸು ಪತ್ರಗಳು, ಮೂಲದಲ್ಲಿ ಓದಿದ ಗ್ರಂಥಗಳ ಪಟ್ಟಿ ಮತ್ತು ಅಗತ್ಯವಿದ್ದಲ್ಲಿ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ. ಹಿಂದೆ ಅಮೆರಿಕದ ವಿಭಾಗಗಳು ಜಿ.ಆರ್.ಇ. ಎಂಬ ಸಾಮಾನ್ಯ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ್ದವು. ಇತ್ತೀಚಿನ ವರ್ಷಗಳಲ್ಲಿ ಹಲವು ವಿಭಾಗಗಳು ಅದನ್ನು ಕೈಬಿಟ್ಟಿವೆ. ಇವುಗಳಲ್ಲಿ ಮೂರನ್ನು ಕುರಿತು ವಿಶೇಷವಾಗಿ ಹೇಳಬೇಕು.

ಉದ್ದೇಶಪತ್ರವು ಸಾಧಾರಣವಾಗಿ ಎರಡು ಪುಟಗಳಷ್ಟಿರುತ್ತದೆ. ಬಾಲ್ಯದಿಂದಲೂ ಪುರಾಣಕಥೆಗಳಲ್ಲಿ ತನಗೆ ಆಸಕ್ತಿಯಿತ್ತೆಂದು ಬರೆಯುವುದರಿಂದ ಪ್ರಯೋಜನವಿಲ್ಲ. ಎಲ್ಲ ಅಭ್ಯರ್ಥಿಗಳಿಗೂ ಆ ಆಸಕ್ತಿಯಿರುತ್ತದೆ. ಸಮಿತಿಗೆ ಬೇಕಾದುದು ಒಂದು ಪ್ರಶ್ನೆ. ಉದಾಹರಣೆಗೆ, ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದಲ್ಲಿ ನಾಯಕನು ತನ್ನ ಕತ್ತಿಯ ಮೇಲೆ ಬಿದ್ದು ಪ್ರಾಣ ಬಿಟ್ಟ ಮೇಲೆಯೂ ನಾಟಕವು ಬಹು ದೂರ ಸಾಗುತ್ತದೆ; ಅವನ ಶವಸಂಸ್ಕಾರ ನಡೆಯಬೇಕೇ ಬೇಡವೇ ಎಂಬ ವಾದವೇ ಉತ್ತರಾರ್ಧವನ್ನು ತುಂಬುತ್ತದೆ. ನಾಯಕನಿಲ್ಲದ ಈ ಉತ್ತರಾರ್ಧಕ್ಕೆ ನಾಟಕದಲ್ಲಿ ಏನು ಕೆಲಸ? ಹೀಗೆ ಪ್ರಶ್ನೆಯನ್ನೆತ್ತಿ, ಅದನ್ನು ಬಿಡಿಸಲು ತನಗೆ ಯಾವ ಶಿಕ್ಷಣ ಬೇಕು, ಆ ಶಿಕ್ಷಣವು ಇದೇ ವಿಭಾಗದಲ್ಲಿ ಏಕೆ ಲಭ್ಯ ಎಂಬುದನ್ನು ನಿರೂಪಿಸಿದರೆ ಪತ್ರವು ಸಾರ್ಥಕವಾಗುತ್ತದೆ.

ಪ್ರಬಂಧದ ಮಾದರಿಯು ಹದಿನೈದರಿಂದ ಇಪ್ಪತ್ತೈದು ಪುಟಗಳವರೆಗೆ ಇರಬಹುದು. ಇದರಲ್ಲಿ ಮೂಲ ವಾಕ್ಯಗಳನ್ನು ಉದ್ಧರಿಸಿ, ಸ್ವಂತ ಅನುವಾದವನ್ನು ಕೊಟ್ಟು, ಪದಗಳ ಆಧಾರದ ಮೇಲೆ ವಾದವನ್ನು ಬೆಳೆಸಿರಬೇಕು. ಅನೇಕ ವಿದ್ವಾಂಸರ ಅಭಿಪ್ರಾಯಗಳನ್ನು ಒಟ್ಟುಗೂಡಿಸಿದ ಪ್ರಬಂಧಕ್ಕಿಂತ, ಒಂದೇ ಭಾಗವನ್ನು ಸೂಕ್ಷ್ಮವಾಗಿ ಓದಿ ಹೊಸ ಅಂಶವೊಂದನ್ನು ತೋರಿಸಿದ ಪ್ರಬಂಧಕ್ಕೆ ಹೆಚ್ಚು ಬೆಲೆ. ಭಾಷಾಭ್ಯಾಸ ಆಳವಾಗಿದೆಯೋ ಇಲ್ಲವೋ ಎಂಬುದು ಇಲ್ಲಿ ಮುಚ್ಚಿಡಲಾಗದಂತೆ ಬಯಲಾಗುತ್ತದೆ.

ಶಿಫಾರಸು ಪತ್ರಗಳನ್ನು ಹೆಸರುವಾಸಿಯಾದವರಿಂದ ಪಡೆಯುವುದಕ್ಕಿಂತ, ತನಗೆ ಭಾಷೆಯನ್ನು ಕಲಿಸಿದವರಿಂದ ಪಡೆಯುವುದು ಲೇಸು. ಕುಲಪತಿಗಳು ಬರೆದ ನಾಲ್ಕು ಸಾಲಿನ ಪ್ರಶಂಸೆಗಿಂತ, ಈ ವಿದ್ಯಾರ್ಥಿಯು ಅಪರಿಚಿತವಾದ ಗದ್ಯಭಾಗವನ್ನು ನಿಘಂಟಿನ ನೆರವಿಲ್ಲದೆ ಅರ್ಥೈಸಬಲ್ಲನೆಂದು ತರಗತಿಯ ಅಧ್ಯಾಪಕರು ಬರೆದ ಪತ್ರವು ಹೆಚ್ಚು ತೂಕವುಳ್ಳದ್ದು. ಪತ್ರಕ್ಕಾಗಿ ಅವರನ್ನು ಎರಡು ತಿಂಗಳು ಮೊದಲೇ ವಿನಂತಿಸಿಕೊಂಡು, ಪ್ರಬಂಧದ ಪ್ರತಿಯನ್ನೂ ಒಪ್ಪಿಸುವುದು ಉಚಿತ.

ಕಾಲಕ್ರಮವನ್ನು ಗಮನದಲ್ಲಿಡಬೇಕು. ಅರ್ಜಿಗಳನ್ನು ಸಲ್ಲಿಸಲು ಕೊನೆಯ ದಿನವು ಬಹುಪಾಲು ಡಿಸೆಂಬರ್ ಅಥವಾ ಜನವರಿಯ ಆರಂಭದಲ್ಲಿ ಬರುತ್ತದೆ. ಅಮೆರಿಕದಲ್ಲಿ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ತೀರ್ಮಾನ ತಿಳಿಯುತ್ತದೆ. ಧನಸಹಾಯ ಸಹಿತವಾದ ಪ್ರವೇಶವನ್ನು ಸ್ವೀಕರಿಸುವ ವಿಷಯದಲ್ಲಿ ಏಪ್ರಿಲ್ 15ರವರೆಗೆ ವಿಚಾರಮಾಡುವ ಅವಕಾಶವನ್ನು ಅಲ್ಲಿನ ಅನೇಕ ವಿಶ್ವವಿದ್ಯಾನಿಲಯಗಳು ಪರಸ್ಪರ ಒಪ್ಪಂದದಿಂದ ಕೊಟ್ಟಿವೆ.

ಎರಡು ದೇಶಗಳ ಪದ್ಧತಿ

ಅಮೆರಿಕದಲ್ಲಿ ಡಾಕ್ಟರೇಟ್ ವ್ಯಾಸಂಗವು ಐದಾರು ವರ್ಷಗಳದು. ಮೊದಲ ಎರಡು ಮೂರು ವರ್ಷ ತರಗತಿಗಳು, ಆಮೇಲೆ ಪರೀಕ್ಷೆಗಳು, ಕೊನೆಗೆ ಮಹಾಪ್ರಬಂಧ. ಗ್ರೀಕ್ ಮತ್ತು ಲ್ಯಾಟಿನ್‌ಗಳ ದೀರ್ಘವಾದ ಪಠ್ಯಪಟ್ಟಿಯಿಂದ ಎಲ್ಲಿ ಬೇಕಾದರೂ ಭಾಗವೊಂದನ್ನು ಆರಿಸಿ ಅನುವಾದಕ್ಕೆ ಕೊಡುತ್ತಾರೆ. ಇದರೊಡನೆ ಜರ್ಮನ್ ಭಾಷೆಯನ್ನೂ, ಫ್ರೆಂಚ್ ಅಥವಾ ಇಟಾಲಿಯನ್ ಭಾಷೆಯನ್ನೂ ಓದಿ ಅರ್ಥಮಾಡಿಕೊಳ್ಳಬಲ್ಲನೆಂಬುದನ್ನು ವಿದ್ಯಾರ್ಥಿಯು ಸಿದ್ಧಪಡಿಸಬೇಕಾಗುತ್ತದೆ. ಈ ಶಾಸ್ತ್ರದ ಆಕರಗ್ರಂಥಗಳಲ್ಲಿ ಅನೇಕವು ಜರ್ಮನ್ ಭಾಷೆಯಲ್ಲಿರುವುದೇ ಇದಕ್ಕೆ ಕಾರಣ. 1893ರಿಂದ ಎಂಟು ದಶಕಗಳಿಗೂ ಮೀರಿ ಪ್ರಕಟವಾದ ಪೌಲಿ-ವಿಸ್ಸೋವ ವಿಶ್ವಕೋಶವನ್ನು ಬಿಟ್ಟು ಸಂಶೋಧನೆ ಮಾಡುವುದು ಕಷ್ಟ.

ಇಂಗ್ಲೆಂಡಿನಲ್ಲಿ ಡಾಕ್ಟರೇಟ್ ಅವಧಿ ಮೂರು ನಾಲ್ಕು ವರ್ಷಗಳು ಮಾತ್ರ. ಆದರೆ ಅಲ್ಲಿ ತರಗತಿಗಳ ಘಟ್ಟವಿಲ್ಲ; ಆರಂಭದ ದಿನದಿಂದಲೇ ಸಂಶೋಧನೆ. ಆದುದರಿಂದ ಅರ್ಜಿಯಲ್ಲಿಯೇ ಸಂಶೋಧನ ಯೋಜನೆಯನ್ನು ಸಲ್ಲಿಸಬೇಕು, ಮಾರ್ಗದರ್ಶಕರನ್ನು ಮೊದಲೇ ಗುರುತಿಸಿಕೊಂಡಿರಬೇಕು. ಇದಕ್ಕೆ ಪೂರ್ವಭಾವಿಯಾಗಿ ಆಕ್ಸ್‌ಫರ್ಡಿನಲ್ಲಿ ಒಂದು ವರ್ಷದ ಹಾಗೂ ಎರಡು ವರ್ಷದ ಸ್ನಾತಕೋತ್ತರ ಪದವಿಗಳೂ, ಕೇಂಬ್ರಿಡ್ಜಿನಲ್ಲಿ ಎಂ.ಫಿಲ್. ಪದವಿಯೂ ಇವೆ. ಭಾಷೆಗಳಲ್ಲಿ ಇನ್ನೂ ಪಳಗಬೇಕಾದವನಿಗೆ ಅಮೆರಿಕದ ದೀರ್ಘ ಪದ್ಧತಿಯೂ, ನಿಶ್ಚಿತವಾದ ವಿಷಯವನ್ನು ಹಿಡಿದವನಿಗೆ ಇಂಗ್ಲೆಂಡಿನ ಪದ್ಧತಿಯೂ ಅನುಕೂಲವೆನ್ನಬಹುದು.

ಧನಸಹಾಯ ಮತ್ತು ಜೀವನೋಪಾಯ

ಹಿಂದೆ ಕುಲ ಹಾಗೂ ಆಸ್ತಿಗಳು ಈ ವಿದ್ಯೆಯ ಬಾಗಿಲನ್ನು ಕಾಯುತ್ತಿದ್ದುವೆಂದು ಹೇಳಿದೆವಷ್ಟೆ. ಇಂದು ಆಸ್ತಿಯಿಲ್ಲದವನೂ ಒಳಹೋಗಬಹುದು. ಆದರೆ ಸಾಲ ಮಾಡಿ ಹೋಗಬಾರದು. ಅಮೆರಿಕದ ಉತ್ತಮ ವಿಭಾಗಗಳು ಡಾಕ್ಟರೇಟ್ ವಿದ್ಯಾರ್ಥಿಗೆ ಬೋಧನ ಶುಲ್ಕವನ್ನು ಮಾಫಿ ಮಾಡಿ, ಜೀವನವೇತನವನ್ನೂ ಕೊಡುತ್ತವೆ. ಪ್ರತಿಯಾಗಿ ಆತನು ಕೆಲವು ವರ್ಷ ಕೆಳತರಗತಿಗಳಿಗೆ ಪಾಠ ಹೇಳಬೇಕು. ಪ್ರವೇಶವನ್ನು ಕೊಟ್ಟು ಹಣವನ್ನು ಕೊಡದ ಕಡೆಗೆ ಹೋಗದಿರುವುದೇ ವಿವೇಕ. ಇಂಗ್ಲೆಂಡಿನ ಸ್ನಾತಕೋತ್ತರ ಪದವಿಗಳಿಗೆ ಸ್ವಯಂಸಿದ್ಧವಾದ ನೆರವಿಲ್ಲ. ರೋಡ್ಸ್, ಗೇಟ್ಸ್-ಕೇಂಬ್ರಿಡ್ಜ್ ಮೊದಲಾದ ವಿದ್ಯಾರ್ಥಿವೇತನಗಳಿಗೆ ಪ್ರತ್ಯೇಕವಾಗಿ ಯತ್ನಿಸಬೇಕು.

ಜೀವನೋಪಾಯದ ವಿಷಯದಲ್ಲಿ ಮರೆಮಾಚುವುದು ಸಲ್ಲದು. ಪ್ರತಿವರ್ಷ ಒಂದು ವಿಭಾಗವು ಸೇರಿಸಿಕೊಳ್ಳುವ ಡಾಕ್ಟರೇಟ್ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಹೀಗೆ ಆಯ್ಕೆಗೊಂಡು ಪದವಿ ಪಡೆದವರಿಗೂ ಖಾಯಂ ಅಧ್ಯಾಪಕ ಹುದ್ದೆಗಳು ಸಾಲುತ್ತಿಲ್ಲ. ಅನೇಕರು ವರ್ಷದಿಂದ ವರ್ಷಕ್ಕೆ ತಾತ್ಕಾಲಿಕ ಹುದ್ದೆಗಳಲ್ಲಿ ಊರೂರು ಅಲೆಯುತ್ತಾರೆ. ವಿಭಾಗಗಳೇ ಮುಚ್ಚುವುದೂ ಉಂಟು. ಕರಿಯರ ವಿದ್ಯಾಭ್ಯಾಸಕ್ಕೆ ಹೆಸರಾದ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯವು 2021ರಲ್ಲಿ ತನ್ನ ಈ ವಿಭಾಗವನ್ನು ವಿಸರ್ಜಿಸುವ ನಿರ್ಧಾರವನ್ನು ಪ್ರಕಟಿಸಿದಾಗ ವಿದ್ವಲ್ಲೋಕದಲ್ಲಿ ವ್ಯಾಪಕವಾದ ವ್ಯಥೆ ಉಂಟಾಯಿತು. ಅದೇ ವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು ಪದವಿ ತರಗತಿಗಳಲ್ಲಿ ಈ ವಿಷಯವನ್ನು ಆರಿಸಿಕೊಂಡವರಿಗೆ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯವಲ್ಲವೆಂದು ಸಾರಿತು. ಹೊಸಬರಿಗೆ ಬಾಗಿಲು ತೆರೆಯಿತೆಂದು ಕೆಲವರೂ, ಅಡಿಪಾಯವೇ ಸಡಿಲವಾಯಿತೆಂದು ಕೆಲವರೂ ವಾದಿಸಿದರು. ಆ ಸಡಿಲಿಕೆಯು ಪದವಿ ತರಗತಿಗೆ ಸಂಬಂಧಿಸಿದುದೇ ಹೊರತು ಡಾಕ್ಟರೇಟ್ ವ್ಯಾಸಂಗಕ್ಕಲ್ಲ ಎಂಬುದನ್ನು ಅಭ್ಯರ್ಥಿಗಳು ಗಮನಿಸಬೇಕು.

ಆದುದರಿಂದ ಈ ವ್ಯಾಸಂಗದ ಐದಾರು ವರ್ಷಗಳನ್ನು ಉದ್ಯೋಗಕ್ಕೆ ಮೆಟ್ಟಿಲೆಂದು ಮಾತ್ರ ಭಾವಿಸದೆ, ಆ ವರ್ಷಗಳೇ ತಮ್ಮಷ್ಟಕ್ಕೆ ಬಾಳತಕ್ಕವೆಂದು ತಿಳಿಯಬಲ್ಲವನು ಈ ದಾರಿಯನ್ನು ಹಿಡಿಯಬಹುದು. ಮನೆಯ ಭಾರವನ್ನು ಹೊತ್ತವನು ಇದನ್ನು ಎರಡು ಬಾರಿ ಆಲೋಚಿಸಬೇಕು.

ಕನ್ನಡದ ವಿದ್ಯಾರ್ಥಿ ತರಬಲ್ಲುದು

ಕನ್ನಡದಿಂದ ಹೊರಟವನು ಬರಿಗೈಯಲ್ಲಿ ಹೋಗುವುದಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ಮೇಲೆ ಹೇಳಿದ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಎಂಬ ಕೃತಿಯಾಗಿ ಮಹಾಭಾರತದ ಆವರಣಕ್ಕೆ ತಂದರು. ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಿಸಿದರು. ಚಿರಂಜೀವಿಯೆಂದು ಪ್ರಸಿದ್ಧನಾದ ಅಶ್ವತ್ಥಾಮನಿಗೆ ಗ್ರೀಕ್ ನಾಯಕನ ಮರಣವನ್ನು ಕಲ್ಪಿಸಿದುದು ಚರ್ಚೆಗೆ ಎಡೆಗೊಟ್ಟಿತು. ಪ್ರಾಚೀನ ಕೃತಿಗಳು ಅನ್ಯಭಾಷೆಗಳಲ್ಲಿ ಪಡೆದ ಮರುಹುಟ್ಟನ್ನು ಕುರಿತ ಅಧ್ಯಯನವು ಇಂದು ಈ ಶಾಸ್ತ್ರದ ಮನ್ನಣೆ ಪಡೆದ ಶಾಖೆಯಾಗಿದೆ. ಅಲ್ಲಿ ಕನ್ನಡ ಬಲ್ಲವನು ಹೇಳಬೇಕಾದುದು ಬಹಳವಿದೆ.

ಇನ್ನೊಂದು ಪ್ರಶ್ನೆ ಇನ್ನೂ ಗಹನವಾದುದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು, ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ ಪ್ರಕಟಿಸಿದ ಪಪೈರಸ್ ಸಂಪುಟದಲ್ಲಿ 413ನೆಯ ಸಂಖ್ಯೆಯ ಗ್ರೀಕ್ ಪ್ರಹಸನವೊಂದಿದೆ. ಅದರ ಕಥೆ ನಡೆಯುವುದು ಭಾರತದ ಕಡಲತೀರದಲ್ಲಿ. ಅದರ ಪಾತ್ರಗಳು ಗ್ರೀಕ್ ಅಲ್ಲದ ಮಾತುಗಳನ್ನು ಆಡುತ್ತವೆ. ಆ ಮಾತುಗಳು ಕನ್ನಡವೆಂದು ಹುಲ್ಟ್ಸ್ ಎಂಬ ಶಾಸನತಜ್ಞರು 1904ರಲ್ಲಿ ಸೂಚಿಸಿದರು. ನಮ್ಮ ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಈ ವಿಚಾರವನ್ನು ಮುಂದುವರಿಸಿದರು. ವಾದವು ಸರ್ವಸಮ್ಮತವಾಗಿಲ್ಲ. ಗ್ರೀಕ್ ಲಿಪಿಶಾಸ್ತ್ರವನ್ನು ಬಲ್ಲವರಿಗೆ ಹಳಗನ್ನಡ ತಿಳಿಯದು. ಹಳಗನ್ನಡ ಬಲ್ಲವರಿಗೆ ಪಪೈರಸ್ ಓದಲು ಬಾರದು. ಎರಡನ್ನೂ ಸಮನಾಗಿ ಅರಿತವನೊಬ್ಬನು ಹುಟ್ಟಿದಲ್ಲಿ, ತೀರ್ಪು ಯಾವ ಕಡೆಗೇ ಬರಲಿ, ಅದಕ್ಕೆ ಪ್ರಾಮಾಣ್ಯವಿರುತ್ತದೆ.

ಗ್ರಂಥಸಂಪಾದನೆಯ ವಿಷಯದಲ್ಲಿ ಈ ನಂಟು ಇನ್ನೂ ಹತ್ತಿರದ್ದು. ಹಸ್ತಪ್ರತಿಗಳ ವಂಶವೃಕ್ಷವನ್ನು ರಚಿಸಿ ಮೂಲಪಾಠವನ್ನು ನಿರ್ಣಯಿಸುವ ಕ್ರಮವು ಲಕ್ಮನ್ ಮೊದಲಾದ ಜರ್ಮನ್ ವಿದ್ವಾಂಸರಿಂದ ಗ್ರೀಕ್-ಲ್ಯಾಟಿನ್ ಗ್ರಂಥಗಳ ಮೇಲೆ ಪ್ರಯೋಗಗೊಂಡು ಬೆಳೆದುದು. ಅದೇ ತತ್ತ್ವಗಳನ್ನು ಡಿ.ಎಲ್. ನರಸಿಂಹಾಚಾರ್ಯರು ಕನ್ನಡದ ಓಲೆಗರಿಗಳಿಗೆ ಅನ್ವಯಿಸಿ ವಿವರಿಸಿದರು. ವಚನಗಳ ಪಾಠಭೇದಗಳೊಡನೆ ಹೆಣಗಿದ ನಮ್ಮ ವಿದ್ಯಾರ್ಥಿಗೆ ಆ ಶಾಸ್ತ್ರದ ತವರಿನಲ್ಲಿ ಪರಕೀಯತೆ ತೋರಲಾರದು.

ಒಟ್ಟಿನಲ್ಲಿ ಹೇಳುವುದಾದರೆ, ಈ ವ್ಯಾಸಂಗಕ್ಕೆ ಅರ್ಜಿಯನ್ನು ಬರೆಯಲು ಒಂದು ತಿಂಗಳು ಸಾಕು. ಅರ್ಜಿಯಲ್ಲಿ ಬರೆಯತಕ್ಕ ಸಂಗತಿಗಳನ್ನು ಗಳಿಸಲು ನಾಲ್ಕೈದು ವರ್ಷ ಬೇಕು. ಕುಲದಿಂದಲೂ ಧನದಿಂದಲೂ ಒದಗದ ಗ್ರೀಕ್ ಧಾತುರೂಪಗಳು ನಿತ್ಯಾಭ್ಯಾಸದಿಂದ ಯಾರಿಗಾದರೂ ಒದಗುತ್ತವೆ. ಆದುದರಿಂದ ಆಸಕ್ತರು ಅರ್ಜಿಯ ನಮೂನೆಯನ್ನು ತರಿಸಿಕೊಳ್ಳುವುದಕ್ಕೆ ಮೊದಲು ಗ್ರೀಕ್ ವ್ಯಾಕರಣದ ಪುಸ್ತಕವೊಂದನ್ನು ತರಿಸಿಕೊಂಡು, ದಿನಕ್ಕೆ ಒಂದು ಗಂಟೆಯನ್ನು ಅದಕ್ಕೆ ಮೀಸಲಿಡುವುದು ಯೋಗ್ಯ. ಒಂದು ವರ್ಷ ಹಾಗೆ ನಡೆದುಕೊಂಡ ಮೇಲೆಯೂ ಆಸೆ ಉಳಿದಿದ್ದರೆ, ಮುಂದಿನ ಹೆಜ್ಜೆ ಇಡುವುದಕ್ಕೆ ಅದೇ ಸಾಕಷ್ಟು ಕಾರಣ.